ಉದ್ದ ಚಿತ್ರ, ಗಿಡ್ಡ ಚಿತ್ರ: ಕತ್ತರಿಯ ಒಂದು ಚರಿತ್ರೆ

2003ರ ಡಿಸೆಂಬರ್ 1ರಂದು ನ್ಯೂಝಿಲೆಂಡಿನ ವೆಲ್ಲಿಂಗ್ಟನ್ ನಗರದಲ್ಲಿ ಹಬ್ಬದ ವಾತಾವರಣ. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಮಾಲಿಕೆಯ ಮೂರನೆಯ ಹಾಗೂ ಕೊನೆಯ ಚಿತ್ರ ‘ದಿ ರಿಟರ್ನ್ ಆಫ್ ದಿ ಕಿಂಗ್’ ಅಂದು ಅಲ್ಲಿ ಮೊದಲ ಪ್ರದರ್ಶನ ಕಂಡಿತು. ನಟ ನಟಿಯರನ್ನು ಮೆರವಣಿಗೆಯಲ್ಲಿ ಕರೆತರಲಾಯಿತು. ಅವರನ್ನು ನೋಡಲು ರಸ್ತೆಯ ಇಕ್ಕೆಲಗಳಲ್ಲೂ ಜನ ಕಿಕ್ಕಿರಿದಿದ್ದರು. ಆ ಮೆರವಣಿಗೆಯಲ್ಲಿ ಮುಖ್ಯ ನಟರೊಬ್ಬರು ಇರಲಿಲ್ಲ. ಮಾಂತ್ರಿಕ ಸರುಮಾನ್‌ನ ಪಾತ್ರ ಮಾಡಿದ್ದ ಕ್ರಿಸ್ಟೋಫರ್ ಲೀ ಬರಲೊಪ್ಪಿರಲಿಲ್ಲ. ಆಗ ಅವರಿಗೆ 81 ವರ್ಷ. ಮೊದಲೆರಡು ಚಿತ್ರಗಳಲ್ಲಿ ಪ್ರಮುಖ ಖಳನಾಗಿದ್ದ ಸರುಮಾನ್ ಮೂರನೆಯದರಲ್ಲಿ ಒಂದು ಕ್ಷಣವೂ ಕಾಣಿಸಿಕೊಳ್ಳುವುದಿಲ್ಲವೆಂದು ಅವರಿಗೆ ಬಿಡುಗಡೆಗೆ ಕೆಲವೇ ವಾರಗಳ ಮುಂಚೆ ಗೊತ್ತಾಗಿತ್ತು. ನಿರ್ದೇಶಕ ಪೀಟರ್ ಜಾಕ್ಸನ್ ಆ ಭಾಗವನ್ನು ಪೂರ್ತಿಯಾಗಿ ಕತ್ತರಿಸಿದ್ದರು.

ಲೀ ಅವರ ಕೋಪಕ್ಕೆ ನಟನ ಸ್ವಾಭಿಮಾನ ಮಾತ್ರ ಕಾರಣವಾಗಿರಲಿಲ್ಲ. ಟೋಲ್ಕಿನ್ ಅವರ ಕಾದಂಬರಿಯನ್ನು ಅದು ಪ್ರಕಟವಾದ ಕಾಲದಿಂದಲೂ ಬಲ್ಲವರು ಅವರು. ಅದನ್ನು ಪ್ರತಿ ವರ್ಷ ಒಮ್ಮೆ ಓದುತ್ತೇನೆಂದು ಹೇಳಿಕೊಳ್ಳುತ್ತಿದ್ದರು. ಕಥೆಯಲ್ಲಿ ಇಷ್ಟೆಲ್ಲ ಕೇಡು ಮಾಡಿದವನಿಗೆ ಕೊನೆಗೆ ಏನಾಯಿತೆಂದು ಪ್ರೇಕ್ಷಕರಿಗೆ ತಿಳಿಸಬೇಡವೇ ಎಂಬುದು ಅವರ ಪ್ರಶ್ನೆಯಾಗಿತ್ತು. ಅತ್ತ ಜಾಕ್ಸನ್ ಅವರಿಗೂ ಕಾರಣವಿತ್ತು. ಆ ದೃಶ್ಯ ಮೂಲತಃ ಎರಡನೆಯ ಚಿತ್ರದ ಕೊನೆಗೆಂದು ಯೋಚಿಸಿದ್ದು. ಅಲ್ಲಿ ಹೊಂದದೆ ಮೂರನೆಯದಕ್ಕೆ ಬಂತು. ಇಲ್ಲಿ ನೋಡಿದರೆ ಹೊಸ ಚಿತ್ರ ಶುರುವಾಗುವ ಬದಲು ಹಳೆಯ ಚಿತ್ರದ ಬಾಕಿ ತೀರಿಸುತ್ತಿರುವಂತೆ ಕಂಡಿತು. ಹಾಗಾಗಿ ತೆಗೆದರು. ಚಿತ್ರ 11 ಆಸ್ಕರ್ ಪ್ರಶಸ್ತಿಗಳನ್ನು ಗೆದ್ದಿತು. ಚಿತ್ರ ತೆರೆಕಂಡ ಮರುವರ್ಷ ಡಿಸೆಂಬರಿನಲ್ಲಿ ಸುಮಾರು 50 ನಿಮಿಷ ಹೆಚ್ಚಿನ ಚಿತ್ರಿಕೆ ಸೇರಿಸಿದ ವಿಸ್ತೃತ ಆವೃತ್ತಿ ಡಿವಿಡಿಯಲ್ಲಿ ಬಂತು. ಅದರಲ್ಲಿ ಸರುಮಾನ್ ಸತ್ತ.

ಇಬ್ಬರ ಮಾತಿನಲ್ಲೂ ನ್ಯಾಯವಿದೆ. ಲೀ ಕೇಳಿದ್ದು ಪಾತ್ರಕ್ಕೆ ಸಲ್ಲಬೇಕಾದ ಅಂತ್ಯವನ್ನು. ಜಾಕ್ಸನ್ ನೋಡಿದ್ದು ಕಥೆಯ ನಡಿಗೆಯನ್ನು. ಕಲ್ಪನಾಲೋಕದ ಮಹಾಕಥೆಗಳನ್ನು ತೆರೆಗೆ ತಂದವರೆಲ್ಲ ಈ ಎರಡರ ನಡುವೆ ಸಿಕ್ಕಿಕೊಂಡವರೇ. ಸಾಮಾಜಿಕ ಚಿತ್ರದಲ್ಲಿ ಊರು, ಮನೆ, ಬಟ್ಟೆಗಳನ್ನು ಪ್ರೇಕ್ಷಕರಿಗೆ ಪರಿಚಯ ಮಾಡಿಕೊಡಬೇಕಾಗಿಲ್ಲ. ಇಲ್ಲದ ಲೋಕವೊಂದನ್ನು ಕಟ್ಟುವಾಗ ಅಲ್ಲಿಯ ಜನಾಂಗ, ವಂಶ, ಹಗೆ, ಹರಕೆ ಎಲ್ಲವನ್ನೂ ಹೇಳಬೇಕಾಗುತ್ತದೆ. ಹೇಳುತ್ತ ಹೋದರೆ ಚಿತ್ರ ಉದ್ದವಾಗುತ್ತದೆ, ಹೇಳದಿದ್ದರೆ ಬುಡವಿಲ್ಲದಂತಾಗುತ್ತದೆ. ಕತ್ತರಿಸಿದ್ದನ್ನು ಮತ್ತೆ ಜೋಡಿಸಿ ‘ಡೈರೆಕ್ಟರ್ಸ್ ಕಟ್’ ಎಂಬ ಹೆಸರಿನಲ್ಲಿ ಮಾರುವುದು ಇತ್ತೀಚಿನ ಕೆಲವು ದಶಕಗಳ ರೂಢಿ. ಜಗಳ ಮಾತ್ರ ಮೂಕಿ ಚಿತ್ರಗಳಷ್ಟು ಹಳೆಯದು.

1927ರ ಜನವರಿ 10ರಂದು ಬರ್ಲಿನ್‌ನಲ್ಲಿ ಫ್ರಿಟ್ಸ್ ಲಾಂಗ್ ಅವರ ‘ಮೆಟ್ರೊಪೊಲಿಸ್’ ತೆರೆಕಂಡಾಗ ಅದರ ಉದ್ದ 4,189 ಮೀಟರ್. ಅಂದರೆ ಎರಡೂವರೆ ಗಂಟೆ. ಮೇಲೆ ಗಗನಚುಂಬಿ ಕಟ್ಟಡಗಳಲ್ಲಿ ಒಡೆಯರು, ನೆಲದಡಿಯಲ್ಲಿ ಯಂತ್ರಗಳಿಗೆ ಮೈ ತೇಯುವ ಕೂಲಿಗಳು. ಇಂಥ ನಗರವನ್ನು ತೆರೆಯ ಮೇಲೆ ಕಟ್ಟಲು ನಿರ್ಮಾಪಕ ಸಂಸ್ಥೆ ಉಫಾ ತನ್ನ ಶಕ್ತಿ ಮೀರಿ ಹಣ ಸುರಿದಿತ್ತು. ಸಾಲದಲ್ಲಿದ್ದ ಉಫಾ ಅಮೆರಿಕದ ಪ್ಯಾರಾಮೌಂಟ್ ಹಾಗೂ ಎಂಜಿಎಂ ಸಂಸ್ಥೆಗಳೊಂದಿಗೆ ಒಪ್ಪಂದ ಮಾಡಿಕೊಂಡಿತ್ತು. ಅಮೆರಿಕದಲ್ಲಿ ಈ ಚಿತ್ರವನ್ನು ಗಿಡ್ಡ ಮಾಡುವ ಕೆಲಸ ನಾಟಕಕಾರ ಚಾನಿಂಗ್ ಪೊಲಾಕ್ ಅವರ ಪಾಲಿಗೆ ಬಂತು.

ಪೊಲಾಕ್ ತೆಗೆದುಹಾಕಿದವುಗಳಲ್ಲಿ ಮುಖ್ಯವಾದುದು ಸತ್ತುಹೋದ ಒಬ್ಬ ಹೆಂಗಸಿನ ಹೆಸರು. ಆಕೆ ಹೆಲ್. ನಗರದೊಡೆಯ ಫ್ರೆಡರ್ಸನ್‌ನ ಹೆಂಡತಿ. ಅವಳನ್ನು ಅವನಿಗಿಂತ ಮೊದಲೇ ಪ್ರೀತಿಸಿದ್ದವನು ಯಂತ್ರವಿಜ್ಞಾನಿ ರೊಟ್ವಾಂಗ್. ಅವಳು ಮಗನನ್ನು ಹೆತ್ತು ಸತ್ತಳು. ರೊಟ್ವಾಂಗ್ ತನ್ನ ಮನೆಯಲ್ಲಿ ಅವಳ ದೊಡ್ಡದೊಂದು ಶಿಲಾಮುಖ ನಿಲ್ಲಿಸಿಕೊಂಡಿದ್ದಾನೆ. ಯಂತ್ರಮಾನವಿಯನ್ನು ಅವನು ತಯಾರಿಸುವುದೇ ಅವಳನ್ನು ಮರಳಿ ಪಡೆಯುವ ಹುಚ್ಚಿನಿಂದ. ಈ ಹೆಸರು ಇಂಗ್ಲಿಷಿನಲ್ಲಿ ನರಕ ಎಂದು ಕೇಳಿಸುತ್ತದೆ, ಜನ ನಗುತ್ತಾರೆ ಎಂಬ ಕಾರಣಕ್ಕೆ ಹೆಲ್‌ಳನ್ನು ಕಥೆಯಿಂದಲೇ ಅಳಿಸಲಾಯಿತು. ಮುಂದೆ 80 ವರ್ಷ ಜಗತ್ತು ನೋಡಿದ್ದು ಕಾರಣವಿಲ್ಲದೆ ಕೆಟ್ಟವನಾದ ಒಬ್ಬ ಹುಚ್ಚು ವಿಜ್ಞಾನಿಯನ್ನು. ಆಮೇಲೆ ಬಂದ ಎಷ್ಟೋ ಚಿತ್ರಗಳ ಹುಚ್ಚು ವಿಜ್ಞಾನಿಗಳಿಗೆ ಅವನೇ ಮೂಲಪುರುಷ. ಅವರಿಗೂ ಕಾರಣವಿಲ್ಲ.

ಜರ್ಮನಿಯಲ್ಲೂ ಚಿತ್ರ ಹಣ ಗಳಿಸಲಿಲ್ಲ. ಉಫಾ ಅದನ್ನು ಹಿಂತೆಗೆದುಕೊಂಡು ಅದೇ ವರ್ಷ 3,241 ಮೀಟರಿಗೆ ಇಳಿಸಿ ಮತ್ತೆ ಬಿಡುಗಡೆ ಮಾಡಿತು. ಕಾಲುಭಾಗದಷ್ಟು ಚಿತ್ರ ಕಳೆದುಹೋಯಿತು. ಕತ್ತರಿಸಿದ ತುಂಡುಗಳನ್ನು ಆಗ ಯಾರೂ ಜೋಪಾನ ಮಾಡುತ್ತಿರಲಿಲ್ಲ. 1976ರಲ್ಲಿ ಲಾಂಗ್ ತೀರಿಕೊಂಡಾಗ ಅವರ ಮೂಲ ಚಿತ್ರ ಎಲ್ಲಿಯೂ ಇಲ್ಲವೆಂದೇ ಎಲ್ಲರ ನಂಬಿಕೆ. 1984ರಲ್ಲಿ ಜಾರ್ಜಿಯೊ ಮೊರೊಡರ್ ಎಂಬ ಸಂಗೀತಗಾರರು ಇದ್ದುದನ್ನು ಇನ್ನಷ್ಟು ಗಿಡ್ಡ ಮಾಡಿ, ಬಣ್ಣ ಬಳಿದು, ಪಾಪ್ ಹಾಡುಗಳನ್ನು ಹಾಕಿ ಬಿಡುಗಡೆ ಮಾಡಿದರು. ಒಂದು ತಲೆಮಾರಿನ ತರುಣರಿಗೆ ‘ಮೆಟ್ರೊಪೊಲಿಸ್’ ಎಂದರೆ ಅದೇ.

ಆದರೆ ಅರ್ಜೆಂಟೀನಾದ ವಿತರಕರೊಬ್ಬರು ಮೊದಲ ಉದ್ದನೆಯ ಪ್ರಿಂಟನ್ನೇ ಬ್ಯೂನಸ್ ಐರಿಸ್‌ಗೆ ಕೊಂಡೊಯ್ದಿದ್ದರು. ಅದು ಅಲ್ಲಿಯ ಚಿತ್ರವಿಮರ್ಶಕರೊಬ್ಬರ ಸಂಗ್ರಹ ಸೇರಿತು. ಕೈಯಿಂದ ಕೈಗೆ ದಾಟುತ್ತ 16 ಮಿಲಿಮೀಟರಿನ ಸಣ್ಣ ಪ್ರತಿಯಾಗಿ ಕೊನೆಗೆ ಆ ನಗರದ ಸಿನಿಮಾ ವಸ್ತುಸಂಗ್ರಹಾಲಯದ ಕಪಾಟು ಸೇರಿತು. ಅದರ ಸುಳಿವು ಸಿಕ್ಕ ಬಗೆ ಸ್ವಾರಸ್ಯವಾಗಿದೆ. ಅಲ್ಲಿಯ ಫಿಲ್ಮ್ ಸೊಸೈಟಿಯ ಹಿರಿಯರೊಬ್ಬರು ಹಿಂದೊಮ್ಮೆ ಈ ಚಿತ್ರ ತೋರಿಸಿದಾಗ ಪ್ರಿಂಟು ಪ್ರೊಜೆಕ್ಟರಿನಲ್ಲಿ ಕುಣಿಯುತ್ತಿತ್ತಂತೆ, ತಾನು ಎರಡು ಗಂಟೆಗೂ ಹೆಚ್ಚು ಹೊತ್ತು ಬೆರಳು ಒತ್ತಿ ಹಿಡಿದು ನಿಲ್ಲಬೇಕಾಯಿತಂತೆ. ಈ ಗೊಣಗಾಟವನ್ನು ಕೇಳಿದ ಚಿತ್ರ ಇತಿಹಾಸಕಾರ ಫೆರ್ನಾಂಡೊ ಮಾರ್ಟಿನ್ ಪೆನ್ಯಾ ಅವರ ಕಿವಿ ನೆಟ್ಟಗಾಯಿತು. ಜಗತ್ತಿನಲ್ಲಿ ಉಳಿದಿದ್ದ ಯಾವ ಪ್ರತಿಯೂ ಅಷ್ಟು ಹೊತ್ತು ಓಡುತ್ತಿರಲಿಲ್ಲ! ಅದನ್ನು ಪರೀಕ್ಷಿಸಲು ಅವರು ಸುಮಾರು 20 ವರ್ಷ ಕಾಯಬೇಕಾಯಿತು. 2008ರಲ್ಲಿ ಪಾವ್ಲಾ ಫೆಲಿಕ್ಸ್ ದಿದಿಯರ್ ಆ ಸಂಗ್ರಹಾಲಯದ ಮುಖ್ಯಸ್ಥೆಯಾದ ಮೇಲೆ ಇಬ್ಬರೂ ಸೇರಿ ಡಬ್ಬಿ ತೆರೆದರು. ಕಳೆದುಹೋಗಿದ್ದರಲ್ಲಿ ಸುಮಾರು 25 ನಿಮಿಷ ಅದರಲ್ಲಿತ್ತು.

2010ರ ಫೆಬ್ರವರಿಯಲ್ಲಿ ಬರ್ಲಿನ್ ಚಿತ್ರೋತ್ಸವದಲ್ಲಿ ಪುನಃ ಜೋಡಿಸಿದ ಪ್ರತಿ ಪ್ರದರ್ಶನಗೊಂಡಿತು. ಮರಳಿ ಬಂದ ಭಾಗಗಳು ಮೈತುಂಬ ಗೀರು ಹೊತ್ತಿವೆ. ಹಾಗಾಗಿ ಯಾವುದು ಕತ್ತರಿಗೆ ಬಲಿಯಾಗಿತ್ತು, ಯಾವುದು ಉಳಿದಿತ್ತು ಎಂದು ನೋಡುವವರಿಗೆ ಹೇಳಿಕೊಡುವ ಅಗತ್ಯವೇ ಬೀಳುವುದಿಲ್ಲ. ಹೆಲ್ ಬಂದಳು. ಕೆಲಸ ಕಳೆದುಕೊಂಡ ಗುಮಾಸ್ತ ಯೋಸಫಾತ್, ಒಡೆಯನ ಗೂಢಚಾರ, ಸಿರಿವಂತನ ಬಟ್ಟೆ ತೊಟ್ಟು ಒಂದು ರಾತ್ರಿ ಸುಖ ಕಂಡ 11811 ಸಂಖ್ಯೆಯ ಕೂಲಿ, ಇವರೆಲ್ಲರಿಗೂ ಬದುಕು ಬಂತು. ಗೂಢಚಾರನ ಓಡಾಟ ಸ್ವಲ್ಪ ಬೇಸರ ತರಿಸುತ್ತದೆ ಎಂಬುದೂ ನಿಜ. ಆದರೆ ಸಂಖ್ಯೆ ಮಾತ್ರವಾಗಿದ್ದ ಕೂಲಿಗೆ ಒಂದು ಆಸೆಯಿತ್ತೆಂದು ತಿಳಿದ ಮೇಲೆ ಕಾರ್ಮಿಕರ ದಂಗೆಯ ದೃಶ್ಯವೇ ಬೇರೆಯಾಗಿ ಕಾಣುತ್ತದೆ.

ಕತ್ತರಿ ಹಿಡಿದವರೆಲ್ಲ ಕಲೆಯ ವೈರಿಗಳೆಂದು ತಿಳಿಯಬಾರದು. ಅವರ ಮುಂದಿದ್ದುದು ಸರಳ ಲೆಕ್ಕ. ನಮ್ಮ ಊರುಗಳ ಟಾಕೀಸಿನಲ್ಲಿ ದಿನಕ್ಕೆ ನಾಲ್ಕು ಆಟ ನಡೆಯುತ್ತಿತ್ತು. ಚಿತ್ರ ಮೂರೂವರೆ ಗಂಟೆಯದಾದರೆ ಒಂದು ಆಟ ಖೋತಾ, ಕಾಲುಭಾಗ ಗಲ್ಲಾ ಖೋತಾ. ಈ ಲೆಕ್ಕ ಹಾಲಿವುಡ್ಡಿನಲ್ಲೂ ಬೇರೆಯಲ್ಲ. ಹೀಗಾಗಿ ಚಿತ್ರದ ಉದ್ದವನ್ನು ನಿಗದಿಪಡಿಸುವಾಗ ಕಥೆಯ ಜೊತೆಗೆ ಥಿಯೇಟರಿನ ಗಡಿಯಾರವೂ ಮಾತಾಡುತ್ತಿತ್ತು. ವಿಡಿಯೋ ಕ್ಯಾಸೆಟ್ ಬಂದು ಆ ಹಿಡಿತ ಸಡಿಲವಾಯಿತು. ಡಿವಿಡಿ ಬಂದ ಮೇಲಂತೂ ಉದ್ದವೇ ಮಾರಾಟದ ಸರಕಾಯಿತು.

ಆದರೆ ಉದ್ದವಾದದ್ದೆಲ್ಲ ನಿರ್ದೇಶಕನದಲ್ಲ. ಇದಕ್ಕೆ ಡೇವಿಡ್ ಲಿಂಚ್ ಅವರ ‘ಡ್ಯೂನ್’ ಚಿತ್ರದ ಪಾಡೇ ಸಾಕ್ಷಿ. ಫ್ರಾಂಕ್ ಹರ್ಬರ್ಟ್ 1965ರಲ್ಲಿ ಬರೆದ ಆ ಕಾದಂಬರಿ ಮರಳುಗಾಡಿನ ಗ್ರಹವೊಂದರ ಕಥೆ. ಮಹ್ದಿ, ಲಿಸಾನುಲ್ ಗೈಬ್, ಜಿಹಾದ್ ಮುಂತಾದ ಅರಬಿ ಶಬ್ದಗಳನ್ನು ಧಾರಾಳವಾಗಿ ಎರವಲು ಪಡೆದ ಪುಸ್ತಕ. 1984ರಲ್ಲಿ ಅದು 137 ನಿಮಿಷದ ಚಿತ್ರವಾಗಿ ಬಂತು. ಅಂತಿಮ ಸಂಕಲನದ ಹಕ್ಕು ಲಿಂಚ್ ಅವರಿಗಿರಲಿಲ್ಲ. ದಪ್ಪ ಪುಸ್ತಕವನ್ನು ಅಷ್ಟರಲ್ಲಿ ತುರುಕಿದ್ದರಿಂದ ಪಾತ್ರಗಳು ತಮ್ಮ ಮನಸ್ಸಿನಲ್ಲಿದ್ದುದನ್ನು ಪಿಸುಗುಟ್ಟುತ್ತ ಕಥೆ ಹೇಳಬೇಕಾಯಿತು. ಚಿತ್ರ ಸೋತಿತು. 1988ರಲ್ಲಿ ಟೆಲಿವಿಷನ್‌ಗಾಗಿ ನಿರ್ಮಾಣ ಸಂಸ್ಥೆಯೇ ಅದನ್ನು ಮೂರು ಗಂಟೆಗಿಂತ ತುಸು ಹೆಚ್ಚಿಗೆ ಎಳೆಯಿತು. ಆರಂಭದಲ್ಲಿ ಚಿತ್ರಪಟಗಳನ್ನು ತೋರಿಸುತ್ತ ಒಬ್ಬ ನಿರೂಪಕ ಗ್ರಹಗಳ ಪುರಾಣ ಒಪ್ಪಿಸುತ್ತಾನೆ. ತೋರಿಸಿದ ಚಿತ್ರಿಕೆಯನ್ನೇ ಮತ್ತೆ ಬೇರೆಡೆ ತೋರಿಸಲಾಗಿದೆ. ಆ ಗ್ರಹದ ಜನರಿಗೆ ಕಣ್ಣು ಪೂರ್ತಿ ನೀಲಿಯಾಗಿರಬೇಕು. ಹೊಸದಾಗಿ ಸೇರಿಸಿದ ಕೆಲವು ದೃಶ್ಯಗಳಲ್ಲಿ ಆ ನೀಲಿ ಬಣ್ಣ ಹಚ್ಚುವುದಕ್ಕೂ ಯಾರೂ ಹೋಗಿಲ್ಲ!

ಲಿಂಚ್ ತಮ್ಮ ಹೆಸರನ್ನು ತೆಗೆಸಿಹಾಕಿದರು. ತಮ್ಮ ಚಿತ್ರವನ್ನು ತಮ್ಮದಲ್ಲವೆನ್ನುವ ಅಮೆರಿಕದ ನಿರ್ದೇಶಕರಿಗೆಂದು ಮೀಸಲಿದ್ದ ಅಲನ್ ಸ್ಮಿಥೀ ಎಂಬ ಹೆಸರು ಅಲ್ಲಿ ಬಂತು. ಚಿತ್ರಕಥೆಯ ಜಾಗದಲ್ಲಿ ಜೂಡಾಸ್ ಬೂತ್ ಎಂಬ ಹೆಸರು. ಏಸುವನ್ನು ಹಿಡಿದುಕೊಟ್ಟವನ ಹೆಸರನ್ನೂ ಲಿಂಕನ್‌ರನ್ನು ಕೊಂದವನ ಹೆಸರನ್ನೂ ಕೂಡಿಸಿದ್ದು ಅದು. 2025ರ ಜನವರಿಯಲ್ಲಿ ತೀರಿಕೊಳ್ಳುವವರೆಗೂ ಲಿಂಚ್ ಆ ಚಿತ್ರದತ್ತ ಮರಳಿ ಹೋಗಲಿಲ್ಲ. ಅದೇ ಕಾದಂಬರಿಯನ್ನು 2021 ಮತ್ತು 2024ರಲ್ಲಿ ಎರಡು ಭಾಗಗಳಾಗಿ ತೆರೆಗೆ ತಂದ ಡೆನಿ ವಿಲ್ನವ್ ಅವರದು ಇನ್ನೂ ಕಠೋರ ನಿಲುವು. ಚಿತ್ರಮಂದಿರದಲ್ಲಿ ಬಂದದ್ದೇ ನನ್ನ ಡೈರೆಕ್ಟರ್ಸ್ ಕಟ್, ಅದರಲ್ಲಿ ಇಲ್ಲದ್ದು ಸತ್ತಂತೆ ಎಂಬುದು ಅವರ ಮಾತಿನ ಸಾರ. ಎರಡೂ ಭಾಗ ಸೇರಿ ಐದು ಗಂಟೆಗೂ ಹೆಚ್ಚು ಕಾಲ ಕೈಗೆ ಸಿಕ್ಕವರಿಗೆ ಆ ಮಾತು ಹೇಳುವುದು ಸುಲಭ ಎಂದೂ ಅನ್ನಿಸುತ್ತದೆ.

ಈಗ ಜಾಕ್ಸನ್ ಅವರ ಕಡೆ ಮರಳೋಣ. ಟೋಲ್ಕಿನ್ ಅವರ ಕಥೆಯನ್ನು ಒಂದೇ ಚಿತ್ರಕ್ಕೆ ಇಳಿಸಬೇಕೆಂದು ಮೊದಲ ನಿರ್ಮಾಣ ಸಂಸ್ಥೆ ಮಿರಾಮ್ಯಾಕ್ಸ್ ಹಟ ಹಿಡಿದಾಗ ಅವರು ಅಲ್ಲಿಂದ ಹೊರಬಂದವರು. ಎರಡು ಚಿತ್ರಗಳ ಯೋಜನೆ ಹಿಡಿದು ನ್ಯೂ ಲೈನ್ ಸಂಸ್ಥೆಗೆ ಹೋದರೆ, ಪುಸ್ತಕ ಮೂರು ಸಂಪುಟವಲ್ಲವೇ, ಚಿತ್ರವೂ ಮೂರಿರಲಿ ಎಂದರು ಅಲ್ಲಿಯ ಮುಖ್ಯಸ್ಥರು. ಹಾಗೆ 2001, 2002 ಮತ್ತು 2003ರ ಡಿಸೆಂಬರುಗಳಲ್ಲಿ ಕ್ರಮವಾಗಿ 178, 179 ಮತ್ತು 201 ನಿಮಿಷಗಳ ಮೂರು ಚಿತ್ರಗಳು ಬಂದವು. ಪ್ರತಿಯೊಂದಕ್ಕೂ ಸುಮಾರು ಒಂದು ವರ್ಷದ ಬಳಿಕ ಡಿವಿಡಿಯಲ್ಲಿ ವಿಸ್ತೃತ ಆವೃತ್ತಿ ಬಂತು. ಮೊದಲನೆಯದಕ್ಕೆ ಅರ್ಧ ಗಂಟೆ, ಎರಡನೆಯದಕ್ಕೆ ಮುಕ್ಕಾಲು ಗಂಟೆಗೆ ಹತ್ತಿರ, ಮೂರನೆಯದಕ್ಕೆ ಐವತ್ತು ನಿಮಿಷ. ಒಟ್ಟು ಎರಡು ಗಂಟೆ. ಇವು ‘ಡ್ಯೂನ್’ನ ಟಿವಿ ಪ್ರತಿಯಂತೆ ತೇಪೆ ಹಾಕಿದವಲ್ಲ. ಸಂಗೀತಗಾರ ಹೊವರ್ಡ್ ಶೋರ್ ಹೊಸ ದೃಶ್ಯಗಳಿಗಾಗಿ ಮತ್ತೆ ಸಂಗೀತ ಬರೆದರು. ವಿಶೇಷ ತಂತ್ರದ ಚಿತ್ರಿಕೆಗಳೂ ಹೊಸದಾಗಿ ತಯಾರಾದವು. ಹೀಗಿದ್ದರೂ ಜಾಕ್ಸನ್ ಇವುಗಳನ್ನು ಡೈರೆಕ್ಟರ್ಸ್ ಕಟ್ ಎಂದು ಕರೆಯಲು ಒಪ್ಪಲಿಲ್ಲ. ಚಿತ್ರಮಂದಿರಕ್ಕೆ ಕಳಿಸಿದ್ದೇ ತನ್ನ ಆಯ್ಕೆ, ಇದು ಹೆಚ್ಚು ಬೇಕೆನ್ನುವ ಅಭಿಮಾನಿಗಳಿಗೆ ಎಂದರು. ಅಭಿಮಾನಿಗಳು ಅವರ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಬಹಳ ಜನರಿಗೆ ಇಂದು ಉದ್ದನೆಯದೇ ನಿಜವಾದ ಚಿತ್ರ.

ಅಭಿಮಾನಿಗಳ ಪರವಾಗಿ ಹೇಳಬೇಕಾದದ್ದು ಬಹಳಷ್ಟಿದೆ. ಎರಡನೆಯ ಚಿತ್ರ ‘ದಿ ಟೂ ಟವರ್ಸ್’ನಲ್ಲಿ ಫರಾಮಿರ್ ಎಂಬ ದಳಪತಿ ಇದ್ದಾನೆ. ನಾಶಪಡಿಸಬೇಕಾದ ಉಂಗುರವನ್ನು ಹೊತ್ತು ಬೆಂಕಿಬೆಟ್ಟದತ್ತ ಸಾಗುತ್ತಿರುವ ಫ್ರೋಡೊ ಇವನ ಕೈಗೆ ಸಿಗುತ್ತಾನೆ. ಮೂಲ ಕಾದಂಬರಿಯಲ್ಲಿ ಇವನು ಉಂಗುರದ ಆಸೆಗೆ ಬೀಳದ ಮನುಷ್ಯ. ಥಿಯೇಟರಿನ ಚಿತ್ರದಲ್ಲಿ ಇವನೇ ಅವರನ್ನು ಸೆರೆಹಿಡಿದು ರಾಜಧಾನಿಯ ಕಡೆಗೆ ಎಳೆದುಕೊಂಡು ಹೋಗುತ್ತಾನೆ. ಪುಸ್ತಕ ಓದಿದವರು ಸಿಟ್ಟಾದರು, ಓದದವರಿಗೆ ಇವನೊಬ್ಬ ಸಾಮಾನ್ಯ ದುರಾಸೆಯವನಾಗಿ ಕಂಡ. ವಿಸ್ತೃತ ಆವೃತ್ತಿಯಲ್ಲಿ ಒಂದು ಹಳೆಯ ನೆನಪು ಸೇರಿದೆ. ಅಣ್ಣ ಬೊರೊಮಿರ್ ಗೆದ್ದ ಕೋಟೆಯಲ್ಲಿ ಬಾವುಟ ಏರಿಸಿದ್ದಾನೆ. ಅಣ್ಣ ತಮ್ಮ ನಗುತ್ತ ನಿಂತಿದ್ದಾರೆ. ತಂದೆ ಡೆನೆಥೋರ್ ಬಂದು ದೊಡ್ಡ ಮಗನನ್ನು ಅಪ್ಪಿಕೊಳ್ಳುತ್ತಾನೆ, ಕಿರಿಯನನ್ನು ಎಲ್ಲರೆದುರು ಹಳಿಯುತ್ತಾನೆ. ಉಂಗುರ ತರಲು ಕಿರಿಯ ಮಗ ತಾನು ಹೋಗುತ್ತೇನೆಂದರೆ ತಂದೆ ನಂಬುವುದಿಲ್ಲ. ಈ ಕೆಲವೇ ನಿಮಿಷ ನೋಡಿದ ಮೇಲೆ ಫರಾಮಿರ್‌ನ ತಪ್ಪು ತಪ್ಪಾಗಿಯೇ ಉಳಿದರೂ ಅದು ತಂದೆಯ ಒಂದು ಒಳ್ಳೆಯ ಮಾತಿಗಾಗಿ ಹಂಬಲಿಸಿದ ಮಗನ ತಪ್ಪೆಂದು ತಿಳಿಯುತ್ತದೆ. ಮೂರನೆಯ ಚಿತ್ರದಲ್ಲಿ ಅವನು ಖಚಿತ ಸಾವಿನ ಎದುರು ಕುದುರೆ ಓಡಿಸುವಾಗ ನಮ್ಮ ಗಂಟಲು ಕಟ್ಟುವುದು ಇದನ್ನು ನೋಡಿದ್ದರೆ ಮಾತ್ರ. ಇದನ್ನು ಕತ್ತರಿಸಿದ್ದು ಮಾಲಿಕೆಯ ದೊಡ್ಡ ನಷ್ಟವೆಂದು ನನ್ನ ಅಭಿಪ್ರಾಯ.

ಮೊದಲ ಚಿತ್ರದ ಕಾಣಿಕೆಗಳ ದೃಶ್ಯವೂ ಅಂಥದ್ದೇ. ಎಲ್ಫರ ರಾಣಿ ಗಲಾಡ್ರಿಯೆಲ್ ಎಲ್ಲರಿಗೂ ಒಂದೊಂದು ಉಡುಗೊರೆ ಕೊಡುತ್ತಾಳೆ. ಕುಳ್ಳರ ಕುಲದ ಗಿಮ್ಲಿ ಅವಳ ಒಂದು ಕೂದಲೆಳೆ ಕೇಳುತ್ತಾನೆ. ಅವಳು ಮೂರು ಕೊಟ್ಟಳೆಂದು ಆಮೇಲೆ ಗೆಳೆಯನಿಗೆ ಹೇಳುವಾಗ ಅವನ ದನಿ ತಗ್ಗಿರುತ್ತದೆ. ಎರಡು ಕುಲಗಳ ನಡುವಿನ ತಲೆಮಾರುಗಳ ಹಗೆ ಅಲ್ಲಿ ಕರಗುತ್ತದೆ. ಥಿಯೇಟರಿನಲ್ಲಿ ಇದಿರಲಿಲ್ಲ. ಹಾಗೆಯೇ ಕೊನೆಯಲ್ಲಿ ಪಟ್ಟಾಭಿಷೇಕದ ವೇಳೆ ಫರಾಮಿರ್ ಮತ್ತು ಎಯೊವಿನ್ ಜೊತೆಯಾಗಿ ನಿಂತಿರುವುದು ಏಕೆಂದು ಚಿತ್ರಮಂದಿರದಲ್ಲಿ ನೋಡಿದವರಿಗೆ ತಿಳಿಯಲು ದಾರಿಯೇ ಇರಲಿಲ್ಲ. ಆಸ್ಪತ್ರೆಯಂಥ ಮನೆಯಲ್ಲಿ ಗಾಯಾಳುಗಳಾಗಿ ಅವರು ಭೇಟಿಯಾದ ದೃಶ್ಯ ಡಿವಿಡಿಗೆ ಹೋಗಿತ್ತು.

ಆದರೆ ಅದೇ ಮೂರನೆಯ ಚಿತ್ರದ ಉದ್ದನೆಯ ಪ್ರತಿ ಎರಡು ಕಡೆ ಕೈಯಾರೆ ಕೆಡಿಸಿಕೊಂಡಿದೆ. ಯುದ್ಧಭೂಮಿಗೆ ಕಡಲ್ಗಳ್ಳರ ಕಪ್ಪು ಹಡಗುಗಳು ಬರುತ್ತವೆ. ಶತ್ರುಸೈನಿಕರು ತಮ್ಮವರು ಬಂದರೆಂದು ಹಿಗ್ಗುತ್ತಾರೆ. ಹಡಗಿನಿಂದ ಧುಮುಕುವವನು ಅರಗೋರ್ನ್, ಅವನ ಬೆನ್ನಿಗೆ ಪ್ರೇತಸೇನೆ. ಥಿಯೇಟರಿನಲ್ಲಿ ಜನ ಚಪ್ಪಾಳೆ ತಟ್ಟಿದ ಕ್ಷಣ ಇದು. ವಿಸ್ತೃತ ಆವೃತ್ತಿಯಲ್ಲಿ ಪ್ರೇತರಾಜ ಒಪ್ಪಿದ್ದು, ಅರಗೋರ್ನ್ ಹಡಗುಗಳನ್ನು ತಡೆದದ್ದು ಎಲ್ಲವನ್ನೂ ಮುಂಚಿತವಾಗಿ ತೋರಿಸಿಬಿಟ್ಟಿದ್ದಾರೆ. ಹಡಗು ಬಂದಾಗ ಉಳಿಯುವುದು ಬರೀ ಹಡಗು.

ಇನ್ನೊಂದು ಇದಕ್ಕಿಂತ ಗಂಭೀರ. ಕೊನೆಯ ಯುದ್ಧಕ್ಕೆ ಮುಂಚೆ ಶತ್ರು ಸೌರಾನ್‌ನ ದೂತನೊಬ್ಬ ಕೋಟೆಯ ಬಾಗಿಲಿಗೆ ಬಂದು ಮಾತಾಡುತ್ತಾನೆ. ಫ್ರೋಡೊ ಸತ್ತನೆಂದು ಚುಚ್ಚುತ್ತಾನೆ. ಅರಗೋರ್ನ್ ಅವನ ತಲೆ ಕಡಿಯುತ್ತಾನೆ. ಟೋಲ್ಕಿನ್ ಅವರ ಪುಸ್ತಕದಲ್ಲಿ ದೂತ ತನಗೆ ರಕ್ಷಣೆಯಿದೆಯೆಂದು ನೆನಪಿಸುತ್ತಾನೆ, ಗ್ಯಾಂಡಾಲ್ಫ್ ಅದನ್ನು ಒಪ್ಪುತ್ತಾನೆ, ದೂತ ಜೀವಸಹಿತ ಮರಳುತ್ತಾನೆ. ದೂತನನ್ನು ಕೊಲ್ಲಬಾರದೆಂಬ ನಿಯಮ ಯಾವ ಒಂದು ನಾಡಿನದೂ ಅಲ್ಲ. ಹನುಮಂತನನ್ನು ಕೊಲ್ಲಹೊರಟ ರಾವಣನಿಗೆ ವಿಭೀಷಣ ಹೇಳಿದ್ದು ಅದನ್ನೇ. ಮುಸೈಲಿಮನ ದೂತರನ್ನು ಪ್ರವಾದಿವರ್ಯರು ಕೊಲ್ಲದೆ ಬಿಟ್ಟ ಪ್ರಸಂಗ ಹದೀಸ್‌ನಲ್ಲಿಯೂ ಬರುತ್ತದೆ. ಸಿಂಹಾಸನಕ್ಕೆ ಯೋಗ್ಯನೆಂದು ಮೂರು ಚಿತ್ರಗಳುದ್ದಕ್ಕೂ ನಮಗೆ ತೋರಿಸಿಕೊಂಡು ಬಂದ ಅರಸ ಆ ಒಂದು ಏಟಿನಲ್ಲಿ ಸಣ್ಣವನಾಗುತ್ತಾನೆ. ಚಿತ್ರಮಂದಿರದ ಪ್ರತಿಯಲ್ಲಿ ಈ ದೃಶ್ಯವಿಲ್ಲದಿರುವುದು ಅವನ ಅದೃಷ್ಟ.

ಸರುಮಾನ್‌ನ ಸಾವನ್ನು ಎಲ್ಲಿ ಇಡೋಣ? ಗೋಪುರದ ತುದಿಯಲ್ಲಿ ಅವನ ಬಂಟನೇ ಅವನ ಬೆನ್ನಿಗೆ ಚೂರಿ ಹಾಕುತ್ತಾನೆ. ಚಿತ್ರೀಕರಣದ ಸಮಯದಲ್ಲಿ ಹೇಗೆ ಕಿರುಚಬೇಕೆಂದು ಜಾಕ್ಸನ್ ವಿವರಿಸಲು ಹೋದಾಗ, ಎರಡನೆಯ ಮಹಾಯುದ್ಧದಲ್ಲಿ ಸೇವೆ ಸಲ್ಲಿಸಿದ್ದ ಲೀ, ಬೆನ್ನಿಗೆ ಇರಿತವಾದವನು ಕಿರುಚುವುದಿಲ್ಲ, ಉಸಿರು ಹೊರಟುಹೋಗುತ್ತದೆ ಎಂದರಂತೆ. ಈ ಪ್ರಸಂಗವನ್ನು ಜಾಕ್ಸನ್ ಅವರೇ ಹೇಳಿಕೊಂಡಿದ್ದಾರೆ. ಆ ನಟನೆಯನ್ನು ನೋಡಿದರೆ ಲೀ ಅವರ ಪರ ನಿಲ್ಲಬೇಕೆನ್ನಿಸುತ್ತದೆ. ಚಿತ್ರದ ಆರಂಭ ಅದರಿಂದ ಮಂದವಾಗಿದೆ ಎಂಬ ಜಾಕ್ಸನ್ ಅವರ ತಕರಾರೂ ಸುಳ್ಳಲ್ಲ. ನಾನು ಆ ಮಂದಗತಿಯನ್ನು ಸಹಿಸಿಕೊಳ್ಳುತ್ತೇನೆ. ಮುಂದೆ ಇಬ್ಬರೂ ರಾಜಿಯಾದರು. ‘ದಿ ಹಾಬಿಟ್’ ಚಿತ್ರಗಳಲ್ಲಿ ಲೀ ಮತ್ತೆ ಸರುಮಾನ್ ಆಗಿ ಬಂದರು. 2015ರಲ್ಲಿ ತೀರಿಕೊಂಡರು.

‘ದಿ ಹಾಬಿಟ್’ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಮಕ್ಕಳಿಗೆಂದು ಬರೆದ ಒಂದು ಪುಸ್ತಕವನ್ನು 2012ರಿಂದ 2014ರ ನಡುವೆ ಮೂರು ಚಿತ್ರಗಳಾಗಿ ಎಳೆದರು. ಅವುಗಳಿಗೂ ವಿಸ್ತೃತ ಆವೃತ್ತಿ ತಂದರು. ಮೊದಲೇ ನೀರು ಬೆರೆಸಿದ ಹಾಲಿಗೆ ಮತ್ತೆ ನೀರು.

ಇಲ್ಲಿ ರಿಡ್ಲಿ ಸ್ಕಾಟ್ ಅವರ ಹೆಸರು ಬಾರದೆ ಇರದು. ‘ಡೈರೆಕ್ಟರ್ಸ್ ಕಟ್’ ಎಂಬ ಮಾತು ಜನಸಾಮಾನ್ಯರ ಬಾಯಿಗೆ ಬಂದದ್ದೇ 1992ರಲ್ಲಿ ಮರುಬಿಡುಗಡೆಯಾದ ಅವರ ‘ಬ್ಲೇಡ್ ರನ್ನರ್’ನಿಂದ. ತಮಾಷೆಯೆಂದರೆ ಆ ಪ್ರತಿ 1982ರ ಮೊದಲ ಪ್ರತಿಗಿಂತ ಉದ್ದವೇನೂ ಅಲ್ಲ. ಒತ್ತಾಯದಿಂದ ಹಾಕಿಸಿದ್ದ ನಾಯಕನ ಹಿನ್ನೆಲೆ ಮಾತನ್ನೂ ಸುಖಾಂತ್ಯವನ್ನೂ ತೆಗೆದರು, ಒಂದು ಕನಸನ್ನು ಸೇರಿಸಿದರು. ಚಿತ್ರ ಸುಧಾರಿಸಿತು. 1985ರ ಅವರ ಮಾಯಾಲೋಕದ ಚಿತ್ರ ‘ಲೆಜೆಂಡ್’ ಯುರೋಪಿಗೆ ಒಂದು, ಅಮೆರಿಕಕ್ಕೆ ಇನ್ನೂ ಗಿಡ್ಡದೊಂದು ಎಂದು ಬೇರೆ ಬೇರೆ ಸಂಗೀತದೊಂದಿಗೆ ಹಂಚಿಹೋಗಿತ್ತು. 2002ರಲ್ಲಿ ಡಿವಿಡಿಗೆ ಬಂದ ಉದ್ದನೆಯ ಪ್ರತಿಯಲ್ಲಿ ಅದಕ್ಕೆ ಉಸಿರಾಡಲು ಜಾಗ ಸಿಕ್ಕಿತು.

ಅವರ 2005ರ ‘ಕಿಂಗ್‌ಡಮ್ ಆಫ್ ಹೆವನ್’ ಕಲ್ಪನಾಲೋಕದ ಚಿತ್ರವಲ್ಲ. ಆದರೂ ಈ ಚರ್ಚೆಯಲ್ಲಿ ಅದನ್ನು ಬಿಡಲಾಗದು. ಶಿಲುಬೆ ಯುದ್ಧಗಳ ಕಾಲದ ಜೆರುಸಲೇಮ್, ಸುಲ್ತಾನ್ ಸಲಾಹುದ್ದೀನ್ ಅಯ್ಯೂಬಿ ಆ ನಗರವನ್ನು ಮರಳಿ ಪಡೆದ 1187ರ ಕಥೆ. ಚಿತ್ರಮಂದಿರಕ್ಕೆ ಬಂದದ್ದು 144 ನಿಮಿಷ. ಅದರಲ್ಲಿ ರಾಜಕುಮಾರಿ ಸಿಬಿಲ್ಲಾ ಇದ್ದಕ್ಕಿದ್ದಂತೆ ಕೂದಲು ಕತ್ತರಿಸಿಕೊಂಡು ಮಂಕಾಗಿ ಕುಳಿತುಬಿಡುತ್ತಾಳೆ. ಏಕೆಂದು ತಿಳಿಯದು. ಆ ವರ್ಷದ ಕೊನೆಗೆ ಲಾಸ್ ಏಂಜಲೀಸ್‌ನ ಚಿತ್ರಮಂದಿರವೊಂದರಲ್ಲಿ ಸದ್ದಿಲ್ಲದೆ ತೋರಿಸಿ, ಬಳಿಕ ಡಿವಿಡಿಯಲ್ಲಿ ತಂದ 194 ನಿಮಿಷದ ಪ್ರತಿಯಲ್ಲಿ ಉತ್ತರವಿದೆ. ಅವಳಿಗೊಬ್ಬ ಪುಟ್ಟ ಮಗನಿದ್ದ. ಸೋದರಮಾವನ ನಂತರ ಅವನೇ ರಾಜ. ಕೈಮೇಲೆ ಬಿಸಿ ಮೇಣ ಬಿದ್ದರೂ ಮಗುವಿಗೆ ಉರಿ ತಿಳಿಯದಿದ್ದಾಗ, ಸೋದರನನ್ನು ತಿಂದ ಕುಷ್ಠ ಮಗನಿಗೂ ಬಂದಿದೆಯೆಂದು ಅವಳಿಗೆ ಅರಿವಾಗುತ್ತದೆ. ಅವನಿಗೆ ನರಳಾಟ ಬೇಡವೆಂದು ತಾಯಿಯೇ ವಿಷ ಹಾಕುತ್ತಾಳೆ. ಮುಂದಿನ ಯುದ್ಧವೆಲ್ಲ ಆ ಸಾವಿನಿಂದ ಹುಟ್ಟಿದ್ದು. ಅಂಥ ಪಾತ್ರವನ್ನೇ ಚಿತ್ರದಿಂದ ಕಿತ್ತುಹಾಕಿದ್ದರು.

ಚರಿತ್ರೆ ಓದುವವರು ಇಲ್ಲಿ ಒಂದು ಎಚ್ಚರ ಇಟ್ಟುಕೊಳ್ಳಬೇಕು. ಉದ್ದನೆಯ ಪ್ರತಿ ಹೆಚ್ಚು ಪೂರ್ಣ, ಆದರೆ ಹೆಚ್ಚು ಚಾರಿತ್ರಿಕವಲ್ಲ. ಬಾಲರಾಜ ಐದನೆಯ ಬಾಲ್ಡ್‌ವಿನ್ 1186ರಲ್ಲಿ ತೀರಿಕೊಂಡದ್ದು ನಿಜ. ತಾಯಿ ವಿಷ ಹಾಕಿದಳೆಂಬುದು ಚಿತ್ರದ ಕಲ್ಪನೆ. ನಾಯಕ ಬಾಲಿಯನ್ ಫ್ರಾನ್ಸಿನ ಕಮ್ಮಾರನಾಗಿರಲಿಲ್ಲ, ಆ ರಾಜ್ಯದ ಶ್ರೀಮಂತ ಮನೆತನದವನೇ. ಸಿರಿಯಾದ ನಟ ಗಸ್ಸಾನ್ ಮಸೂದ್ ಅಭಿನಯಿಸಿದ ಸಲಾಹುದ್ದೀನ್ ಉರುಳಿಬಿದ್ದ ಶಿಲುಬೆಯನ್ನು ಎತ್ತಿ ಮೇಜಿನ ಮೇಲೆ ನಿಲ್ಲಿಸುವ ದೃಶ್ಯ ಎರಡೂ ಪ್ರತಿಗಳಲ್ಲಿದೆ. ಅದಕ್ಕೆ ಹೆಚ್ಚು ನಿಮಿಷಗಳು ಬೇಕಾಗಲಿಲ್ಲ.

ಇತ್ತೀಚೆಗೆ ಕತ್ತರಿಯ ಮೇಲೆ ಮೂರನೆಯವರ ಕೈಯೂ ಬಿದ್ದಿದೆ, ಪ್ರೇಕ್ಷಕರದು. 2017ರ ‘ಜಸ್ಟಿಸ್ ಲೀಗ್’ ಚಿತ್ರವನ್ನು ಮನೆಯ ದುರಂತದ ಕಾರಣ ನಿರ್ದೇಶಕ ಝಾಕ್ ಸ್ನೈಡರ್ ಅರ್ಧಕ್ಕೆ ಬಿಟ್ಟರು. ಬೇರೊಬ್ಬರು ಮುಗಿಸಿ ಎರಡು ಗಂಟೆಗೆ ಇಳಿಸಿದರು. ಅಭಿಮಾನಿಗಳು ವರ್ಷಗಟ್ಟಲೆ ಪಟ್ಟುಹಿಡಿದು 2021ರಲ್ಲಿ ಸ್ನೈಡರ್ ಅವರ ನಾಲ್ಕು ಗಂಟೆಯ ಪ್ರತಿಯನ್ನು ಹೊರಬರಿಸಿದರು. ಮೊದಲ ಪ್ರತಿಯಲ್ಲಿ ಮೂಲೆಗೆ ಸರಿದಿದ್ದ ಕಪ್ಪು ತರುಣ ಸೈಬೋರ್ಗ್ ಇದರಲ್ಲಿ ಕಥೆಯ ಎದೆಗೂಡಾದ. ಅಷ್ಟರಮಟ್ಟಿಗೆ ಅಭಿಮಾನಿಗಳು ಗೆದ್ದರು. ನಿಧಾನಗತಿಯಲ್ಲಿ ನಡೆಯುವವರನ್ನು ಅಷ್ಟು ಹೊತ್ತು ನೋಡಬೇಕಾಗಿರಲಿಲ್ಲ ಎಂಬುದು ಬೇರೆ ಮಾತು. ಕೇಳಿದರೆ ಸಿಗುತ್ತದೆ ಎಂದಾದ ಮೇಲೆ ನಾಳೆ ಯಾವ ಚಿತ್ರವನ್ನು ಮುಗಿಯಿತೆನ್ನುವುದು?

ಇದಕ್ಕೆ ನೇರ ವಿರುದ್ಧವಾದ ಪ್ರಯೋಗ ನಮ್ಮ ಪಕ್ಕದಲ್ಲೇ ನಡೆದಿದೆ. ರಾಯಚೂರು ಜಿಲ್ಲೆಯಲ್ಲಿ ಹುಟ್ಟಿದ ಎಸ್.ಎಸ್. ರಾಜಮೌಳಿಯವರ ‘ಬಾಹುಬಲಿ’ 2015 ಮತ್ತು 2017ರಲ್ಲಿ ಎರಡು ಭಾಗಗಳಾಗಿ ಬಂತು. ಎರಡೂ ಸೇರಿ ಐದು ಗಂಟೆಗೂ ಮಿಕ್ಕಿದ ಚಿತ್ರ. 2025ರ ಅಕ್ಟೋಬರ್ 31ರಂದು ಅವರು ಅದನ್ನು ಒಂದೇ ಚಿತ್ರವಾಗಿ ಬಿಡುಗಡೆ ಮಾಡಿದರು. ಹೆಚ್ಚಿಸಲಿಲ್ಲ, ಕಡಿದರು. ಮೂರೂಮುಕ್ಕಾಲು ಗಂಟೆಗೆ ತಂದು ನಿಲ್ಲಿಸಿದರು. ಕೆಲವು ಹಾಡುಗಳು ಹೋದವು. ಶಿವುಡು ಮತ್ತು ಅವಂತಿಕಾಳ ಪ್ರೇಮದ ಬಹುಪಾಲು ಹೋಯಿತು. ಆ ಭಾಗ ಮೊದಲಿನಿಂದಲೂ ಹಲವರಿಗೆ ಕಿರಿಕಿರಿಯಾಗಿದ್ದದ್ದೇ, ಹೋದದ್ದಕ್ಕೆ ದುಃಖಪಡಬೇಕಾಗಿಲ್ಲ. ಆದರೆ ಅದರ ಜೊತೆಗೆ ಅವಂತಿಕಾಳೂ ಹೆಚ್ಚುಕಡಿಮೆ ಹೋದಳು. ಸೆರೆಯಲ್ಲಿರುವ ರಾಣಿಯನ್ನು ಬಿಡಿಸಲು ಕಾಡಿನಲ್ಲಿ ಕಾದಾಡುತ್ತಿದ್ದ ಬಂಡುಕೋರ ಹೆಣ್ಣು ಅವಳು. ಹೊಸ ಪ್ರತಿಯನ್ನೇ ಮೊದಲ ಬಾರಿ ನೋಡುವ ಹುಡುಗನಿಗೆ ಅವಳು ಯಾರೆಂದು ಸರಿಯಾಗಿ ತಿಳಿಯುವ ಮುಂಚೆಯೇ ಕಥೆ ಮುಂದೆ ಹೋಗಿರುತ್ತದೆ. ಕಟ್ಟಪ್ಪ ಬಾಹುಬಲಿಯನ್ನು ಕೊಂದದ್ದೇಕೆ ಎಂದು ದೇಶದ ತುಂಬ ಜನ ಎರಡು ವರ್ಷ ತಲೆ ಕೆಡಿಸಿಕೊಂಡಿದ್ದರು. ಅವನಿಗೆ ಅದಕ್ಕೆ ಉತ್ತರ ಅದೇ ಆಟದಲ್ಲಿ, ಅದೇ ಟಿಕೆಟಿನಲ್ಲಿ ಸಿಗುತ್ತದೆ.